ಕೊರೋನರ್: ಡಾಕ್ಟರೂ ಅಲ್ಲ, ಪೊಲೀಸೂ ಅಲ್ಲ

ಹೋದ ಸಂಚಿಕೆಯಲ್ಲಿ ಒಬ್ಬ ತಾಯಿ ಕೇಳಿದ್ದರು, ಅಮೆರಿಕದಲ್ಲಿ ಯಾರಾದರೂ ಮನೆಯಲ್ಲೇ ದಿಢೀರಂತ ತೀರಿಕೊಂಡರೆ ಯಾರಿಗೆ ಹೇಳಬೇಕು ಅಂತ. "911ಕ್ಕೆ ಫೋನ್ ಮಾಡಿ, ಮುಂದಿನದನ್ನು ಕೌಂಟಿ ಕೊರೋನರ್ ನೋಡಿಕೊಳ್ಳುತ್ತಾರೆ" ಎಂದು ಎರಡು ಸಾಲಲ್ಲಿ ಮುಗಿಸಿದ್ದೆ. ಮುಗಿಯಲಿಲ್ಲ. ಆ ಕೊರೋನರ್ (ದಿಢೀರ್ ಸಾವು, ಅನುಮಾನದ ಸಾವು ಹೇಗಾಯಿತು ಅಂತ ವಿಚಾರಿಸುವ ಅಧಿಕಾರಿ) ಯಾರು ಅಂತ ಕೇಳಿ ಬಂದ ಪತ್ರಗಳು ಮೇಜಿನ ಮೇಲೆ ಗುಡ್ಡೆಯಾಗಿವೆ. ಹಾಗಾಗಿ ಈ ಸಲ ಬಿಪಿ, ಶುಗರು, ಮಂಡಿನೋವು ಎಲ್ಲಕ್ಕೂ ರಜೆ.

ಪ್ರ: ಕೊರೋನರ್‌ಗೂ ಕೊರೋನಾಗೂ ಏನಾದರೂ ಸಂಬಂಧ ಇದೆಯಾ ಸಾರ್? ನಗಬೇಡಿ.
— ಗದಗದ ಓದುಗರು

ನಗಲಿಲ್ಲ. ಸಂಬಂಧ ಇದೆ. ಲ್ಯಾಟಿನ್ನಿನಲ್ಲಿ ಕೊರೋನಾ ಅಂದರೆ ಕಿರೀಟ. ವೈರಸ್ಸಿನ ಮೈಸುತ್ತ ಕಿರೀಟದ ಥರ ಮುಳ್ಳು ಕಂಡವು, ಅದಕ್ಕೆ ಆ ಹೆಸರು ಬಂತು. ಕೊರೋನರ್ ಅಂದರೆ ಕಿರೀಟದ ಆಳು, ರಾಜನ ಕಡೆಯವನು. ಹಿಂದೆ ಇಂಗ್ಲೆಂಡಿನ ಜನ 'ಕ್ರೌನರ್' ಅಂತಲೇ ಕರೆಯುತ್ತಿದ್ದರು.

ಪ್ರ: ರಾಜನ ಕಡೆಯವನು ಅಂದರೆ? ರಾಜನಿಗೆ ಹೆಣದ ಹತ್ತಿರ ಏನು ಕೆಲಸ?
— ಮೈಸೂರಿನ ಓದುಗರು

ದುಡ್ಡಿನ ಕೆಲಸ. ಬೇರೇನಲ್ಲ.

ಕಥೆ ಶುರುವಾಗುವುದು 1194ರಲ್ಲಿ. ಇಂಗ್ಲೆಂಡಿನ ಒಂದನೇ ರಿಚರ್ಡ್ ಧರ್ಮಯುದ್ಧಕ್ಕೆ ಹೋಗಿ ವಾಪಸ್ ಬರುವಾಗ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದ. ಬಿಡಿಸಿಕೊಳ್ಳಲು ಕೇಳಿದ ಹಣ 1,50,000 ಮಾರ್ಕ್ ಬೆಳ್ಳಿ. ಖಜಾನೆ ಬರಿದಾಯಿತು. ಇತ್ತ ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ) ರಾಜನಿಗೆ ಸೇರಬೇಕಾದ ದಂಡ, ಜುಲ್ಮಾನೆಗಳನ್ನು ಅಲ್ಲಿ ರಾಜನ ಅಧಿಕಾರಿಗಳಾಗಿದ್ದ ಶೆರಿಫ್‌ಗಳು ನುಂಗಿ ನೀರು ಕುಡಿಯುತ್ತಿದ್ದರು. ಆಗ ಆಡಳಿತ ನಡೆಸುತ್ತಿದ್ದವನು ಹ್ಯೂಬರ್ಟ್ ವಾಲ್ಟರ್. ಅವನ ಕಾಲದಲ್ಲಿ ಒಂದು ಆಜ್ಞೆ ಹೊರಟಿತು: ಪ್ರತಿ ಕೌಂಟಿಯಲ್ಲೂ ಮೂವರು ನೈಟ್‌ಗಳನ್ನೂ ಒಬ್ಬ ಪಾದ್ರಿಯನ್ನೂ ಆರಿಸಬೇಕು, ರಾಜನಿಗೆ ಸಂಬಂಧಿಸಿದ ವ್ಯಾಜ್ಯಗಳ ಲೆಕ್ಕ ಅವರು ಇಡಬೇಕು. ಇವರೇ ಮೊದಲ ಕೊರೋನರ್‌ಗಳು. ತನಿಖೆಗಿಂತ ಬರೆದಿಡುವುದೇ ಅವರ ದೊಡ್ಡ ಕೆಲಸ. ಒಂಥರಾ ಸಾವಿನ ಶಾನುಭೋಗ.

ಸಾವಿನಲ್ಲಿ ದುಡ್ಡು ಎಲ್ಲಿಂದ ಬಂತು ಅಂತೀರಾ? ಎಲ್ಲ ಕಡೆಯಿಂದ. ಕೊಲೆ ಮಾಡಿದವನ ಚರಾಸ್ತಿ ರಾಜನಿಗೆ. ಆತ್ಮಹತ್ಯೆ ಮಾಡಿಕೊಂಡವನದೂ ರಾಜನಿಗೆ. ಇನ್ನು ದಾರಿಯಲ್ಲಿ ಒಂದು ಹೆಣ ಸಿಕ್ಕಿತು, ಯಾರು ಅಂತ ಗೊತ್ತಿಲ್ಲ ಅನ್ನಿ. ಫ್ರಾನ್ಸಿನ ಕಡೆಯಿಂದ ಗೆದ್ದುಬಂದ ನಾರ್ಮನ್ನರ ಕಾನೂನಿನಲ್ಲಿ ಆ ಹೆಣ ನಾರ್ಮನ್ನನದೇ. ಅಲ್ಲ, ಇವನು ಬರೀ ಇಂಗ್ಲಿಷರವನು ಅಂತ ಊರವರು ಸಾಬೀತು ಮಾಡಬೇಕು, ಇಲ್ಲದಿದ್ದರೆ ಇಡೀ ಸೀಮೆಗೆ ದಂಡ. ಈ ಪದ್ಧತಿ 1340ರವರೆಗೂ ನಡೆಯಿತು. ಹೆಣ ಕಂಡರೆ ಕಂಡಿಲ್ಲ ಅನ್ನುವಂತೆ ನಡೆದುಬಿಡುವುದು ಜನಕ್ಕೆ ಎಷ್ಟು ಸುಲಭ ಅನಿಸಿರಬೇಕು ಯೋಚಿಸಿ. ಎರಡು ಪೊಲೀಸ್ ಸ್ಟೇಷನ್ನಿನ ಗಡಿಯ ಹಳ್ಳದಲ್ಲಿ ಹೆಣ ತೇಲಿದಾಗ "ಇದು ನಮ್ಮ ಹದ್ದಲ್ಲ ಸಾರ್" ಅನ್ನುವ ಮಾತನ್ನು ನಾನೇ ಕೇಳಿದ್ದೇನೆ. ದಂಡದ ಭಯ ಇಲ್ಲದೆಯೇ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಪದ್ಧತಿ, ಡಿಯೋಡ್ಯಾಂಡ್. ಪದದ ಅರ್ಥ 'ದೇವರಿಗೆ ಕೊಡಬೇಕಾದ್ದು'. ನಮ್ಮ ಮಾತಿನಲ್ಲಿ ಮುಡಿಪು. ಗಾಡಿ ಹರಿದು ಒಬ್ಬ ಸತ್ತರೆ ಆ ಗಾಡಿ ಮುಡಿಪು. ಕುದುರೆ ಒದ್ದು ಸತ್ತರೆ ಕುದುರೆ ಮುಡಿಪು. ಕೊರೋನರ್ ಜೊತೆ ಕೂತ ಊರ ಜ್ಯೂರಿ ಅದಕ್ಕೆ ಬೆಲೆ ಕಟ್ಟಬೇಕು, ಮಾಲೀಕ ಆ ಹಣ ತೆರಬೇಕು. ಹೆಸರಿಗೆ ದೇವರದು, ಹೋಗುವುದು ರಾಜನ ಪೆಟ್ಟಿಗೆಗೆ. ಅಷ್ಟೊತ್ತಿಗೆ ರೈಲು ಬಂತು ನೋಡಿ. 1841ರ ಕ್ರಿಸ್‌ಮಸ್ ಹಿಂದಿನ ದಿನ ಸಾನಿಂಗ್ ಎಂಬಲ್ಲಿ ಗ್ರೇಟ್ ವೆಸ್ಟರ್ನ್ ರೈಲು ಕುಸಿದ ಮಣ್ಣಿಗೆ ಗುದ್ದಿ, ತೆರೆದ ಡಬ್ಬಿಗಳಲ್ಲಿ ಊರಿಗೆ ಹೊರಟಿದ್ದ ಕೂಲಿಗಳು ಸತ್ತರು. ಜ್ಯೂರಿ ಇಂಜಿನ್ನಿನ ಮೇಲೂ ಡಬ್ಬಿಗಳ ಮೇಲೂ 1000 ಪೌಂಡ್ ಡಿಯೋಡ್ಯಾಂಡ್ ಹಾಕಿತು. ಅಲ್ಲಿಯವರೆಗೆ ಎತ್ತು, ಗಾಡಿಗೆ ಇದ್ದ ಕಾನೂನು ಕಂಪನಿಗಳ ಕುತ್ತಿಗೆಗೇ ಬಂತು. 1846ರಲ್ಲಿ ಪಾರ್ಲಿಮೆಂಟು ಡಿಯೋಡ್ಯಾಂಡನ್ನು ತೆಗೆದೇ ಹಾಕಿತು. ಬಡವನ ಕುದುರೆಗೆ 600 ವರ್ಷ ನಡೆದ ಪದ್ಧತಿ ರೈಲು ಕಂಪನಿಯ ಮುಂದೆ ಐದು ವರ್ಷವೂ ನಿಲ್ಲಲಿಲ್ಲ.

ಪ್ರ: ಅಮೆರಿಕದಲ್ಲಿ ಕೊರೋನರ್ ಚುನಾವಣೆಗೆ ನಿಲ್ಲುತ್ತಾರೆ ಅಂತ ಕೇಳಿದೆ. ಹೆಣ ನೋಡುವುದಕ್ಕೂ ಎಲೆಕ್ಷನ್ನಾ?
— ಬೆಂಗಳೂರಿನ ಓದುಗರು

ಹೌದು. ಬೋರ್ಡು, ಪಾಂಪ್ಲೆಟ್ಟು, ಪಕ್ಷ ಎಲ್ಲ ಇರುತ್ತದೆ. ಪೆನ್ಸಿಲ್ವೇನಿಯಾ ರಾಜ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ 67 ಕೌಂಟಿ, ಹೆಚ್ಚಿನವುಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಜನ ಓಟು ಹಾಕಿ ಕೊರೋನರ್‌ರನ್ನು ಆರಿಸುತ್ತಾರೆ. ಡಾಕ್ಟರಾಗಿರಬೇಕು ಅಂತಿಲ್ಲ. ಒಂದು ಸಣ್ಣ ಕೋರ್ಸು ಮುಗಿಸಿ ಪರೀಕ್ಷೆ ಪಾಸಾಗಬೇಕು, ಅಷ್ಟೇ. ಶವಸಂಸ್ಕಾರದ ವ್ಯಾಪಾರ ನಡೆಸುವವರೇ ಕೊರೋನರ್ ಆಗಿರುವ ಕೌಂಟಿಗಳಿವೆ. ಶವ ಕುಯ್ಯುವುದನ್ನು ಇವರು ತಜ್ಞ ವೈದ್ಯರಿಂದ ಮಾಡಿಸುತ್ತಾರೆ, ತೀರ್ಮಾನಕ್ಕೆ ಸಹಿ ಮಾತ್ರ ಇವರದು. ಒಹಾಯೋದಲ್ಲಿ ಹಾಗಲ್ಲ, ಕೊರೋನರ್ ಡಾಕ್ಟರೇ ಆಗಿರಬೇಕು, ಆದರೂ ಚುನಾವಣೆ ತಪ್ಪಿದ್ದಲ್ಲ. ಕ್ಯಾಲಿಫೋರ್ನಿಯಾದ ಎಷ್ಟೋ ಕೌಂಟಿಗಳಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ಫೇ ಕೊರೋನರ್. ಯಾವ ಶೆರಿಫ್‌ನ ಮೇಲೆ ಕಣ್ಣಿಡಲು ರಿಚರ್ಡನ ಕಾಲದಲ್ಲಿ ಈ ಹುದ್ದೆ ಹುಟ್ಟಿತೋ ಅವನ ತಲೆಗೇ ಈ ಟೋಪಿ! ಇಂಡಿಯಾನಾದಂಥ ಕಡೆ ಹಳೆಯ ವಾಸನೆ ಇನ್ನೂ ಉಳಿದಿದೆ. ಅಲ್ಲಿ ಶೆರಿಫ್‌ನನ್ನು ಬಂಧಿಸುವ ವಾರಂಟ್ ಬಂದರೆ ಜಾರಿ ಮಾಡುವವರು ಕೊರೋನರ್.

ಇದು ಅಮೆರಿಕದವರು ಹೊಸದಾಗಿ ಕಂಡುಹಿಡಿದ ಹುಚ್ಚಲ್ಲ. ಇಂಗ್ಲೆಂಡಿನಲ್ಲೂ 1888ರವರೆಗೆ ಕೌಂಟಿಯ ಜಮೀನುದಾರರು ಓಟು ಹಾಕಿಯೇ ಆರಿಸುತ್ತಿದ್ದರು. ವಲಸೆ ಹೋದವರು ಬೀಜದ ಚೀಲದ ಜೊತೆ ಇದನ್ನೂ ಕಟ್ಟಿಕೊಂಡು ಹೋದರು. 1637ರಷ್ಟು ಹಿಂದೆಯೇ ಮೇರಿಲ್ಯಾಂಡಿನಲ್ಲಿ ಕೊರೋನರ್ ಇದ್ದರು.

ಓಟಿನಿಂದ ಬಂದವರು ಹೇಗಿರುತ್ತಿದ್ದರು ಅನ್ನುವುದಕ್ಕೆ ನ್ಯೂಯಾರ್ಕಿನ ಕಥೆ ಸಾಕು. 1915ರಲ್ಲಿ ಲಿಯನಾರ್ಡ್ ವಾಲ್‌ಸ್ಟೀನ್ ಎಂಬ ಅಧಿಕಾರಿ ಆ ನಗರದ ಕೊರೋನರ್ ಕಚೇರಿಗಳನ್ನು ಜಾಲಾಡಿದರು. ಹಿಂದಿನ ಕೊರೋನರ್‌ಗಳ ಕಸುಬು ನೋಡಿದರೆ ಪ್ಲಂಬರ್, ಬಡಗಿ, ಹಾಲು ಮಾರುವವ, ಸಂಗೀತಗಾರ, ಹೆಂಡದಂಗಡಿಯವ. ಬೇಕಾಬಿಟ್ಟಿ ಬರೆದ ಮರಣಪತ್ರಗಳು, ಸಾವಿನ ಕಾರಣ ಬದಲಾಯಿಸಲು ಲಂಚ, ಎಲ್ಲ ಹೊರಗೆ ಬಂತು. ಅದೇ ವರ್ಷ ಕಾನೂನು ಬದಲಾಗಿ, 1918ರಲ್ಲಿ ಡಾಕ್ಟರ್ ಚಾರ್ಲ್ಸ್ ನಾರಿಸ್ ಮೊದಲ ಮುಖ್ಯ ಮೆಡಿಕಲ್ ಎಕ್ಸಾಮಿನರ್ (ಸಾವಿನ ಕಾರಣ ಹುಡುಕುವ ಸರ್ಕಾರಿ ವೈದ್ಯರು) ಆದರು. ಇವರು ನೇಮಕವಾದವರು, ಗೆದ್ದುಬಂದವರಲ್ಲ. ಅಲೆಕ್ಸಾಂಡರ್ ಗೆಟ್ಲರ್ ಎಂಬ ರಸಾಯನಶಾಸ್ತ್ರಜ್ಞರನ್ನು ಪಕ್ಕಕ್ಕೆ ಕೂರಿಸಿಕೊಂಡು, ಸತ್ತವರ ಅಂಗಾಂಗದಲ್ಲಿ ವಿಷ ಹುಡುಕುವ ಕೆಲಸಕ್ಕೆ ಒಂದು ಶಿಸ್ತು ತಂದರು. ಮ್ಯಾಸಚೂಸೆಟ್ಸ್ ಅಂತೂ 1877ರಲ್ಲೇ ಕೊರೋನರ್ ಹುದ್ದೆ ತೆಗೆದು ವೈದ್ಯರನ್ನು ಕೂರಿಸಿತ್ತು. 2009ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ವರದಿಯೂ ಕೊರೋನರ್ ಪದ್ಧತಿ ಬಿಟ್ಟು ಮೆಡಿಕಲ್ ಎಕ್ಸಾಮಿನರ್ ಕಡೆ ಹೋಗಿ ಎಂದಿತು. ಆದರೂ ನೂರಾರು ಕೌಂಟಿಗಳು ಬಿಟ್ಟಿಲ್ಲ. ಸಣ್ಣ ಕೌಂಟಿಗೆ ಪೂರ್ಣಾವಧಿ ತಜ್ಞರನ್ನು ಸಾಕುವಷ್ಟು ದುಡ್ಡಿಲ್ಲ, ಅಂಥ ತಜ್ಞರು ಸಿಗುವುದೂ ಕಷ್ಟ. ಇನ್ನು ರಾಜಕೀಯದವರು ಇದ್ದ ಕುರ್ಚಿ ಬಿಡುತ್ತಾರಾ?

ಪೆನ್ಸಿಲ್ವೇನಿಯಾದಲ್ಲೇ, ನಮ್ಮವರು ವೆಂಕಟೇಶ್ವರ ದೇವಸ್ಥಾನಕ್ಕೆ ಅಂತ ಹೋಗುವ ಪಿಟ್ಸ್‌ಬರ್ಗ್ ಇದೆಯಲ್ಲ, ಅದು ಅಲೆಗೆನಿ ಕೌಂಟಿ. 2005ರಲ್ಲಿ ಅಲ್ಲಿನ ಮತದಾರರು ಚುನಾಯಿತ ಕೊರೋನರ್ ಬೇಡ, ನೇಮಕವಾದ ಮೆಡಿಕಲ್ ಎಕ್ಸಾಮಿನರ್ ಇರಲಿ ಎಂದು ಓಟು ಹಾಕಿದರು. ಓಟು ಬೇಡ ಅನ್ನುವುದಕ್ಕೂ ಓಟು! ಅಲ್ಲಿನ ಹಳೆಯ ಶವಾಗಾರದ ಕಲ್ಲಿನ ಕಟ್ಟಡವನ್ನು 1929ರಲ್ಲಿ ಕೆಡವದೆ, ಎತ್ತಿ ಸುಮಾರು 300 ಅಡಿ ಆಚೆಗೆ ಸರಿಸಿ ಕೂರಿಸಿದ್ದರು. ಕುರ್ಚಿಗಿಂತ ಕಟ್ಟಡ ಸರಿಸುವುದೇ ಸುಲಭ ಆಗಿತ್ತು ಅನ್ಸುತ್ತೆ.

ಪ್ರ: ಲಾಸ್ ಏಂಜಲಿಸ್‌ನಲ್ಲಿ ಕೊರೋನರ್ ಆಫೀಸಿನಲ್ಲೇ ಅಂಗಡಿ ಇತ್ತಂತೆ, ನಿಜವೇ?
— ಉಡುಪಿಯ ಓದುಗರು

ನಿಜ. 1993ರಲ್ಲಿ ಶುರು ಮಾಡಿದ್ದರು. ಹೆಣದ ಕಾಲ್ಬೆರಳಿಗೆ ಕಟ್ಟುವ ಚೀಟಿಯ ಆಕಾರದ ಕೀಚೈನು, ಸೀಮೆಸುಣ್ಣದ ಗೆರೆಯಲ್ಲಿ ಹೆಣದ ಆಕಾರ ಬರೆದ ಟವೆಲ್ಲು ಮಾರುತ್ತಿದ್ದರು. ನನಗಂತೂ ಆ ಟವೆಲ್ಲು ಬೇಡ.

ಪ್ರ: ನನ್ನ ತಮ್ಮನ ಮಗ ಅಲ್ಲಿ ರೂಮಿನಲ್ಲಿ ಒಬ್ಬನೇ ಇದ್ದಾಗ ತೀರಿಕೊಂಡ. ಕೊರೋನರ್ ಆಫೀಸಿನವರು ಕುಯ್ಯುತ್ತೇವೆ ಅಂದರು, ನಮ್ಮನ್ನು ಕೇಳಲೂ ಇಲ್ಲ. ಮರಣಪತ್ರದಲ್ಲಿ ಕಾರಣದ ಜಾಗದಲ್ಲಿ 'ಪೆಂಡಿಂಗ್' ಅಂತಿದೆ. ನಮ್ಮಿಂದ ಏನಾದರೂ ಮುಚ್ಚಿಡುತ್ತಿದ್ದಾರಾ?
— ಹಾಸನದ ಓದುಗರು

ಇಲ್ಲ ತಾಯಿ. ಆ 'ಪೆಂಡಿಂಗ್' ನೋಡಿ ಗಾಬರಿಯಾಗಬೇಡಿ. ಮೈ ಕುಯ್ದು ನೋಡುವುದು ಒಂದೆರಡು ಗಂಟೆಯ ಕೆಲಸ. ರಕ್ತದಲ್ಲಿ ಔಷಧಿ, ವಿಷ ಏನಾದರೂ ಇದೆಯಾ ಅಂತ ನೋಡುವ ಪರೀಕ್ಷೆಗೆ ವಾರಗಟ್ಟಲೆ ಹಿಡಿಯುತ್ತದೆ. ಅದು ಬಂದ ಮೇಲೆ ಪತ್ರ ತಿದ್ದಿ ಕೊಡುತ್ತಾರೆ. ಅಲ್ಲಿಯವರೆಗೆ ದೇಹ ಇಟ್ಟುಕೊಳ್ಳುವುದಿಲ್ಲ.

ಕೇಳಲಿಲ್ಲ ಅಂದಿರಲ್ಲ, ಕೇಳಬೇಕಾಗಿಲ್ಲ. ಚಿಕ್ಕ ವಯಸ್ಸು, ಒಬ್ಬನೇ ಇದ್ದ, ಯಾವ ಡಾಕ್ಟರೂ ನೋಡುತ್ತಿರಲಿಲ್ಲ ಅಂದರೆ ಅದು ಕಾನೂನಿನ ಪ್ರಕಾರ ಕೊರೋನರ್ ಕೇಸು. ಮನೆಯವರ ಒಪ್ಪಿಗೆ ಬೇಕಿಲ್ಲ, ಸಾಮಾನ್ಯವಾಗಿ ಅದರ ಖರ್ಚೂ ಮನೆಯವರ ಮೇಲೆ ಬರುವುದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಧರ್ಮದ ಕಾರಣಕ್ಕೆ ಬೇಡ ಅಂತ ಆಕ್ಷೇಪಿಸಲು ಕಾನೂನು ಇದೆ, ಆದರೆ ಕೊಲೆಯ ಅನುಮಾನ ಬಂದರೆ ಅದೂ ನಡೆಯುವುದಿಲ್ಲ. ಆಕ್ಷೇಪ ಇದ್ದರೆ ಮೊದಲ ಫೋನಿನಲ್ಲೇ ಹೇಳಿಬಿಡಬೇಕು, ಆಮೇಲೆ ಹೇಳಿ ಪ್ರಯೋಜನ ಇಲ್ಲ.

ಆ ಮರಣಪತ್ರದಲ್ಲಿ ಎರಡು ಬೇರೆಬೇರೆ ವಿಷಯ ಇರುತ್ತವೆ, ಜನ ಗೊಂದಲ ಮಾಡಿಕೊಳ್ಳುವುದು ಅಲ್ಲೇ. ಒಂದು ಕಾರಣ, ಅಂದರೆ ಹೃದಯಾಘಾತ, ತಲೆಯಲ್ಲಿ ರಕ್ತಸ್ರಾವ, ಇಂಥದು. ಇನ್ನೊಂದು ಸಾವಿನ ಬಗೆ. ಅದಕ್ಕೆ ಐದೇ ಖಾನೆ: ಸಹಜ, ಅಪಘಾತ, ಆತ್ಮಹತ್ಯೆ, ಇನ್ನೊಬ್ಬರ ಕೈಯಿಂದ, ತಿಳಿಯದು. ಇನ್ನೊಬ್ಬರ ಕೈಯಿಂದ ಅನ್ನುವುದಕ್ಕೆ ಅವರು 'ಹೋಮಿಸೈಡ್' ಅಂತ ಬರೆಯುತ್ತಾರೆ. ಅದು ಕೊಲೆ ಆರೋಪ ಅಲ್ಲ. ತನ್ನನ್ನು ಕಾಪಾಡಿಕೊಳ್ಳಲು ಒಬ್ಬ ಹೊಡೆದು ಇನ್ನೊಬ್ಬ ಸತ್ತರೂ ಕೊರೋನರ್ ಖಾನೆಯಲ್ಲಿ ಅದೇ ಪದ. ಅಪರಾಧ ಹೌದೋ ಅಲ್ಲವೋ ಅನ್ನುವುದು ಕೋರ್ಟಿನ ತಲೆನೋವು.

ಇನ್ನೊಂದು ಮಾತು. ಅಲ್ಲಿ ದೇಹವನ್ನು ಮನೆಯವರ ಕೈಗೆ ನೇರ ಕೊಡುವುದು ಅಪರೂಪ, ಫ್ಯೂನರಲ್ ಹೋಮಿನವರು ಬಂದು ಒಯ್ಯುತ್ತಾರೆ. ಊರಿಗೆ ತರುವುದಾದರೆ ಮರಣಪತ್ರ, ದೇಹ ಕೆಡದಂತೆ ಮಾಡಿದ್ದಕ್ಕೆ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟು, ಭಾರತದ ಕಾನ್ಸುಲೇಟ್ ಕೊಡುವ ಒಪ್ಪಿಗೆ ಬೇಕು. ಅಲ್ಲಿನ ಕನ್ನಡ ಕೂಟದವರಲ್ಲಿ ಇದನ್ನು ಮಾಡಿಸಿ ಅನುಭವ ಇರುವವರು ಯಾರಾದರೂ ಇರುತ್ತಾರೆ, ಸಂಕೋಚ ಬಿಟ್ಟು ಕೇಳಿ.

ಪ್ರ: ನಮ್ಮ ಪಂಚನಾಮೆಗೂ ಇದಕ್ಕೂ ವ್ಯತ್ಯಾಸ ಏನು? ನಮ್ಮಲ್ಲಿ ಕೊರೋನರ್ ಯಾಕಿಲ್ಲ?
— ಧಾರವಾಡದ ಓದುಗರು

ಇದ್ದರು. 1871ರ ಕಾಯ್ದೆಯ ಪ್ರಕಾರ ಮುಂಬೈ, ಕೋಲ್ಕತ್ತಾ ನಗರಗಳಿಗೆ ಕೊರೋನರ್ ಇದ್ದರು. ನಿಮ್ಮ ಧಾರವಾಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇತ್ತು, ಆದರೂ ಆ ಭಾಗ್ಯ ಬಾಂಬೆ ಪಟ್ಟಣದ ಎಲ್ಲೆ ದಾಟಲಿಲ್ಲ. ಮುಂಬೈಯ ಕೊರೋನರ್ ಕೋರ್ಟು 1999ರಲ್ಲಿ ಮುಚ್ಚಿತು. ಈಗ ಎಲ್ಲ ಕಡೆ ಒಂದೇ ಕ್ರಮ. ಅನುಮಾನದ ಸಾವಾದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲು ಮಾಡಿ ಶವ ಮಹಜರು ಮಾಡುತ್ತಾರೆ. ಹಿಂದೆ ಇದಕ್ಕೆ ಸಿಆರ್‌ಪಿಸಿ 174 ಅನ್ನುತ್ತಿದ್ದೆವು, 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅದು 194.

ತಾಲೂಕು ಆಸ್ಪತ್ರೆಯಲ್ಲಿ ನಾನು ಎಷ್ಟು ವರ್ಷ ಈ ಕೆಲಸ ಮಾಡಿದ್ದೇನೆ ಅಂದರೆ, ಆ ಶೆಡ್ಡಿನ ವಾಸನೆ ಈಗಲೂ ಮೂಗಿನಲ್ಲಿದೆ. ಆಸ್ಪತ್ರೆಯ ಹಿಂದೆ ತಗಡಿನ ಸೂರು, ಒಂದು ಸಿಮೆಂಟಿನ ಕಟ್ಟೆ, ನಲ್ಲಿ ಇದೆ, ನೀರಿಲ್ಲ. ಹೊರಗೆ ಹುಣಸೇಮರದ ಕೆಳಗೆ ಮನೆಯವರು. ಕಾನ್‌ಸ್ಟೇಬಲ್ ಟೀ ಅಂಗಡಿಯಿಂದ ಇಬ್ಬರನ್ನು ಪಂಚರು ಅಂತ ಕರೆದುಕೊಂಡು ಬರುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ಮೂಗಿಗೆ ಟವೆಲ್ ಹಿಡಿದು ಒಮ್ಮೆ ಇಣುಕಿ, ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಹಾಕಿ ಹೊರಟುಬಿಡುತ್ತಿದ್ದರು. ಫಾರಂನಲ್ಲಿ 'ಪಂಚರ ಅಭಿಪ್ರಾಯ' ಅಂತ ಒಂದು ಕಾಲಂ ಇರುತ್ತದೆ. ಪಂಚರು ಬರುವ ಮೊದಲೇ ಅದು ತುಂಬಿರುತ್ತಿತ್ತು. ಒಂದು ದಿನ ಒಬ್ಬ ಮುದುಕ ಮಾತ್ರ ಸಹಿಗೆ ಮುಂಚೆ ಒಳಗೆ ಬಂದು, ಹೆಣದ ಕೈ ಹಿಡಿದು ತಿರುಗಿಸಿ ನೋಡಿ, "ಇವನು ಎಡಗೈಯವನು ಸಾಮಿ, ಬಲಗೈಯಲ್ಲಿ ಹೆಂಗೆ ಕುಯ್ಕೊಂಡಾನು?" ಅಂದ. ಅವನಿಗೆ ಸತ್ತವನು ಗೊತ್ತಿದ್ದ. ಇಂಗ್ಲೆಂಡಿನ ಹಳೆಯ ಕೊರೋನರ್ ಜ್ಯೂರಿಯ ಲೆಕ್ಕವೂ ಇದೇ. ಸುತ್ತಲ ಊರವರನ್ನು ಕರೆದು ಹೆಣದ ಮುಂದೆ ನಿಲ್ಲಿಸುವುದು ಯಾಕೆಂದರೆ ಅವರಿಗೆ ಗೊತ್ತಿರುತ್ತದೆ ಅಂತ.

ವ್ಯತ್ಯಾಸ ಇರುವುದು ಯಾರು ಕೇಳುತ್ತಾರೆ ಅನ್ನುವುದರಲ್ಲಿ. ನಮ್ಮಲ್ಲಿ ಕೇಳುವವರು ಪೊಲೀಸರು. ಆದರೆ ಪೊಲೀಸ್ ವಶದಲ್ಲಿದ್ದವನು ಸತ್ತರೆ ಪೊಲೀಸರೇ ಕೇಳುವ ಹಾಗಿಲ್ಲ, ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಬೇಕು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರು ಬರುತ್ತಾರೆ. ಅಂದರೆ ಪೊಲೀಸರಿಗಿಂತ ಬೇರೆಯವರು ಕೇಳಬೇಕು ಅನ್ನುವ ಬುದ್ಧಿ ನಮ್ಮ ಕಾನೂನಿಗೂ ಇದೆ, ಆಯ್ದ ಸಾವುಗಳಿಗೆ ಮಾತ್ರ. ಉಳಿದವಕ್ಕೂ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನಲವತ್ತು ಕೆಲಸ ಇರುವ ಎಎಸ್‌ಐಯನ್ನು ಬೈದು ಏನು ಬಂತು?

ಪ್ರ: ಶಿಕ್ಷೆ ಕೊಡುವ ಅಧಿಕಾರ ಇಲ್ಲ ಅಂದಮೇಲೆ ಕೊರೋನರ್ ವಿಚಾರಣೆಯಿಂದ ಉಪಯೋಗ ಏನು? ಸುಮ್ನೆ ಶಾಸ್ತ್ರ ತಾನೇ?
— ಶಿವಮೊಗ್ಗದ ಓದುಗರು

ಒಂದು ಕಾಲಕ್ಕೆ ಕೊಲೆಗಾರನ ಹೆಸರು ಹೇಳುವ ಅಧಿಕಾರವೂ ಇತ್ತು. 1975ರಲ್ಲಿ ಲಂಡನ್ನಿನ ಜ್ಯೂರಿ, ತನ್ನ ಮಕ್ಕಳ ಆಯಾಳ ಕೊಲೆಗೆ ನಾಪತ್ತೆಯಾಗಿದ್ದ ಲಾರ್ಡ್ ಲೂಕನ್ನನೇ ಕಾರಣ ಅಂತ ಹೆಸರಿಟ್ಟು ಹೇಳಿತು. ಎದುರು ವಾದಿಸಲು ಆತನೇ ಇಲ್ಲ. ಇದು ಸರಿಯಲ್ಲ ಅಂತ 1977ರಲ್ಲಿ ಆ ಅಧಿಕಾರ ತೆಗೆದರು. ಈಗ ಇಂಗ್ಲೆಂಡಿನ ಕೊರೋನರ್ ಕೇಳುವುದು ನಾಲ್ಕೇ ಪ್ರಶ್ನೆ: ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ. ಯಾರ ತಪ್ಪು ಅನ್ನುವುದು ಪಟ್ಟಿಯಲ್ಲಿಲ್ಲ.

ಆದರೆ ಆ 'ಹೇಗೆ' ಇದೆಯಲ್ಲ, ಅದನ್ನು ಗಟ್ಟಿಯಾಗಿ ಹಿಡಿದವರು ದೊಡ್ಡದೊಡ್ಡವರನ್ನು ಅಲ್ಲಾಡಿಸಿದ್ದಾರೆ. ಥಾಮಸ್ ವೇಕ್ಲಿ ಅಂತ ಒಬ್ಬ ಡಾಕ್ಟರು, 'ಲ್ಯಾನ್ಸೆಟ್' ವೈದ್ಯಪತ್ರಿಕೆ ಶುರು ಮಾಡಿದವರು. ಕೊರೋನರ್ ಹುದ್ದೆಗೆ ವಕೀಲರಲ್ಲ, ವೈದ್ಯರು ಬೇಕು ಅಂತ ಜಗಳವಾಡಿ 1839ರಲ್ಲಿ ತಾವೇ ಚುನಾವಣೆ ಗೆದ್ದರು. 1846ರಲ್ಲಿ ಹೌನ್ಸ್‌ಲೋ ಎಂಬಲ್ಲಿ ಒಬ್ಬ ಸಾಮಾನ್ಯ ಸೈನಿಕ, 150 ಚಾಟಿ ಏಟು ತಿಂದ ಕೆಲವು ವಾರಕ್ಕೆ ಸತ್ತ. ಏಟಿಗೂ ಸಾವಿಗೂ ಸಂಬಂಧ ಇಲ್ಲ ಅಂತ ಸೈನ್ಯದ ವೈದ್ಯರು ಬರೆದುಕೊಟ್ಟರು. ವೇಕ್ಲಿ ಒಪ್ಪಲಿಲ್ಲ. ಹೊರಗಿನ ತಜ್ಞರಿಂದ ಮತ್ತೆ ಬೆನ್ನು ಪರೀಕ್ಷೆ ಮಾಡಿಸಿದರು. ಚಾಟಿ ಏಟಿನಿಂದಲೇ ಸಾವು ಅಂತ ಜ್ಯೂರಿ ಹೇಳಿತು. ಯಾರಿಗೂ ಜೈಲಾಗಲಿಲ್ಲ. ಆದರೆ ಸೈನ್ಯ ಏಟಿನ ಮಿತಿಯನ್ನು 50ಕ್ಕೆ ಇಳಿಸಿತು.

ತಪ್ಪು ದಾರಿ ಹಿಡಿದ ವಿಚಾರಣೆಗಳೂ ಇವೆ. 1989ರಲ್ಲಿ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ನೂಕುನುಗ್ಗಲಲ್ಲಿ ಜನ ಸತ್ತರಲ್ಲ, ಮೊದಲ ವಿಚಾರಣೆಯಲ್ಲಿ ಕೊರೋನರ್ ಮಧ್ಯಾಹ್ನ 3:15ರ ಆಚೆಗೆ ಏನಾಯಿತು ಅನ್ನುವುದನ್ನು ಕೇಳಲೇ ಇಲ್ಲ. ಆ ಹೊತ್ತಿಗೆ ಎಲ್ಲರಿಗೂ ಪ್ರಾಣಾಂತಿಕ ಪೆಟ್ಟು ಬಿದ್ದಾಗಿತ್ತು ಅನ್ನುವ ಲೆಕ್ಕ ಅವರದು. 1991ರಲ್ಲಿ 'ಆಕಸ್ಮಿಕ' ಅಂತ ಮುಗಿಯಿತು. ಮನೆಯವರು ಬಿಡಲಿಲ್ಲ. ಹೊಸ ವಿಚಾರಣೆ ನಡೆದು 2016ರ ಏಪ್ರಿಲ್ 26ರಂದು ಜ್ಯೂರಿ ಹೇಳಿದ್ದು, ಆ 96 ಮಂದಿಯ ಸಾವು ಕಾನೂನುಬಾಹಿರ ಹತ್ಯೆ ಅಂತ. 27 ವರ್ಷ. ಆಗ ಮೂವತ್ತರಲ್ಲಿದ್ದ ತಾಯಂದಿರು ತಲೆ ನರೆತು ಆ ಮಾತು ಕೇಳಿದರು. ಇದನ್ನು ಶಾಸ್ತ್ರ ಅಂತೀರಾ?

2020ರಲ್ಲಿ ಲಂಡನ್ನಿನ ಕೊರೋನರ್ ಒಬ್ಬರು 9 ವರ್ಷದ ಹುಡುಗಿಯ ಸಾವಿಗೆ ಆಸ್ತಮಾ ಜೊತೆಗೆ 'ವಾಯುಮಾಲಿನ್ಯ' ಅಂತಲೂ ಬರೆದರು. ಬ್ರಿಟನ್ನಿನಲ್ಲಿ ಮರಣಪತ್ರದ ಮೇಲೆ ಆ ಪದ ಅದೇ ಮೊದಲು. ಆ ಮಗುವಿನ ಮನೆ ವಾಹನ ತುಂಬಿದ ರಸ್ತೆಯ ಹತ್ತಿರ ಇತ್ತು. ಇಂಥ ಕಡೆ ಕೊರೋನರ್ ಸರ್ಕಾರಕ್ಕೆ ಪತ್ರ ಬರೆದು, ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ ಅಂತ ಕೇಳಬಹುದು. ಬರೆಸಿಕೊಂಡವರು 56 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ಸಿಲ್ಕ್‌ಬೋರ್ಡ್ ಜಂಕ್ಷನ್ನಿಗೆ ಅಂಥ ಪತ್ರ ಬರೆಯುವವರು ಯಾರು?

ಪ್ರ: ಕೊರೋನರ್‌ಗೆ ಈಗ ಹೆಣ ಬಿಟ್ಟು ಬೇರೆ ಕೆಲಸ ಇಲ್ಲವೇ?
— ಹಂಪಿ ಹತ್ತಿರದ ಓದುಗರು

ನಿಮ್ಮ ಊರು ನೋಡಿದರೆ ಯಾಕೆ ಕೇಳಿದಿರಿ ಅಂತ ಗೊತ್ತಾಗುತ್ತೆ. ಇದೆ. ಇಂಗ್ಲೆಂಡಿನಲ್ಲಿ ನೆಲದಡಿ ನಿಧಿ ಸಿಕ್ಕರೆ ಅದು ನಿಧಿಯೇ ಹೌದಾ ಅಂತ ತೀರ್ಮಾನಿಸುವುದು ಇವತ್ತಿಗೂ ಕೊರೋನರ್. ರಾಜನ ಖಜಾನೆಯ ಋಣ ಅಷ್ಟು ಮಾತ್ರ ಉಳಿದಿದೆ. 2009ರ ಜುಲೈನಲ್ಲಿ ಸ್ಟಾಫರ್ಡ್‌ಶೈರಿನ ಒಂದು ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಿದ್ದವರಿಗೆ 3,500ಕ್ಕೂ ಜಾಸ್ತಿ ಚಿನ್ನ-ಬೆಳ್ಳಿಯ ಚೂರುಗಳು ಸಿಕ್ಕವು. ಸೆಪ್ಟೆಂಬರಿನಲ್ಲಿ ಅಲ್ಲಿನ ಕೊರೋನರ್ ನಿಧಿ ಅಂತ ಘೋಷಿಸಿದರು. ಬೆಲೆ ಕಟ್ಟಿದಾಗ 32 ಲಕ್ಷ ಪೌಂಡ್ ದಾಟಿತ್ತು, ಸಿಕ್ಕವನಿಗೂ ಹೊಲದವನಿಗೂ ಅರ್ಧರ್ಧ.

ನಮ್ಮಲ್ಲಿ ಹೇಳಬೇಕಾದ್ದು ಡಿಸಿಗೆ. ಕರ್ನಾಟಕಕ್ಕೆ 1962ರ ಕಾಯ್ದೆ ಇದೆ. ನಿಧಿ ಸಿಕ್ಕರೆ ತಿಳಿಸಲೇಬೇಕು. ಆದ್ದರಿಂದ ಹಿತ್ತಲಲ್ಲಿ ಗುದ್ದಲಿ ಹಾಕುವಾಗ ಸ್ವಲ್ಪ ನೋಡಿಕೊಂಡು ಹಾಕಿ.